ಮೀನು ಕೊಳ ಮತ್ತು ಕೃಷಿ ಹೊಂಡಗಳಲ್ಲಿ ಪಾಚಿ: ಗುರುತಿಸುವಿಕೆ ಮತ್ತು ಹತೋಟಿ

ಕೊಳದ ನೀರು ಹಸಿರಾದೊಡನೆ ಅದಕ್ಕೆ ಔಷಧಿ ಯಾವುದೆಂದು ವಿಚಾರಿಸುವುದು ರೂಢಿ. ಮೀನು ಸಾಕಣೆಯ ಕೊಳದಲ್ಲಿ ತಿಳಿಹಸಿರು ನೀರು ದೋಷವೇನಲ್ಲ. ಅದು ಆ ಕೊಳದ ಮೇವು. ಸಸ್ಯ ಪ್ಲವಕಗಳೆಂದು ಕರೆಯಲಾಗುವ ಸೂಕ್ಷ್ಮ ಪಾಚಿಗಳನ್ನು ಪ್ರಾಣಿ ಪ್ಲವಕಗಳು ತಿನ್ನುತ್ತವೆ, ಪ್ರಾಣಿ ಪ್ಲವಕಗಳನ್ನು ಕಾಟ್ಲಾ ಮೀನು ತಿನ್ನುತ್ತದೆ. ಹಗಲಿನಲ್ಲಿ ಮೀನು ಉಸಿರಾಡುವ ಆಮ್ಲಜನಕದ ಬಹುಪಾಲನ್ನು ಒದಗಿಸುವುದೂ ಪಾಚಿಯೇ. ಅದು ಮಿತಿ ಮೀರಿದಾಗ ತೊಂದರೆ ಆರಂಭವಾಗುತ್ತದೆ. ಮಿತಿ ಮೀರಿದ ಪಾಚಿಯನ್ನು ಒಂದೇ ದಿನದಲ್ಲಿ ಕೊಲ್ಲಲು ಹೊರಟಾಗ ಆ ತೊಂದರೆ ದುರಂತವಾಗಬಹುದು. ಆದುದರಿಂದ ಹತೋಟಿ ಕ್ರಮಕ್ಕೆ ಮೊದಲು ಪಾಚಿಯ ಬಗೆ, ಅದರ ಪ್ರಮಾಣ ಹಾಗೂ ಅದಕ್ಕೆ ಆಹಾರ ದೊರೆಯುತ್ತಿರುವ ಮೂಲ, ಈ ಮೂರನ್ನೂ ತಿಳಿದುಕೊಳ್ಳುವುದು ಅವಶ್ಯಕ.

ಪಾಚಿಯ ಬಗೆಗಳನ್ನು ಗುರುತಿಸುವುದು

ನೀರಿಗೆ ಕೈಯದ್ದಿ ಮೇಲೆತ್ತಿರಿ. ನೀರು ಬೆರಳ ಸಂದಿಯಲ್ಲಿ ಹರಿದುಹೋಗಿ ಕೈಯಲ್ಲಿ ಏನೂ ಉಳಿಯದಿದ್ದರೆ ಅದು ತೇಲುವ ಸೂಕ್ಷ್ಮ ಪಾಚಿ. ಒದ್ದೆ ಹತ್ತಿಯಂತೆ ಅಥವಾ ಲೋಳೆಯಾದ ಕೂದಲಿನಂತೆ ಕೈಗೆ ಸುತ್ತಿಕೊಂಡರೆ ಅದು ಎಳೆ ಪಾಚಿ. ಸ್ಪೈರೋಗೈರಾ, ಕ್ಲ್ಯಾಡೋಫೋರಾ ಮುಂತಾದವು ಈ ಗುಂಪಿಗೆ ಸೇರುತ್ತವೆ. ಪುಟ್ಟ ಎಲೆ, ಅದರ ಕೆಳಗೆ ನೂಲಿನಂತಹ ಬೇರು ಕಂಡುಬಂದರೆ ಅದು ಪಾಚಿಯೇ ಅಲ್ಲ. ಅಜೋಲ್ಲಾ ಅಥವಾ ಅಂತಹುದೇ ತೇಲು ಸಸ್ಯ. ಅದನ್ನು ಬಲೆಯಿಂದ ಎಳೆದು ದನಕರು, ಕೋಳಿಗಳಿಗೆ ಮೇವಾಗಿ ಬಳಸಬಹುದು ಅಥವಾ ಗೊಬ್ಬರದ ಗುಂಡಿಗೆ ಹಾಕಬಹುದು.

ಎಳೆ ಪಾಚಿ ಹುಟ್ಟುವುದು ಕೊಳದ ತಳದಲ್ಲಿ. ನೀರು ತಿಳಿಯಾಗಿದ್ದು, ಅಂಚು ಆಳವಿಲ್ಲದಿದ್ದರೆ ಬಿಸಿಲು ತಳವನ್ನು ಮುಟ್ಟುತ್ತದೆ; ಅಲ್ಲಿ ಬೆಳೆದ ಪಾಚಿಯು ತಾನೇ ಬಿಟ್ಟ ಆಮ್ಲಜನಕದ ಗುಳ್ಳೆಗಳನ್ನು ಹಿಡಿದುಕೊಂಡು ಕಂಬಳಿಯಂತೆ ಮೇಲೇಳುತ್ತದೆ. ರಾತ್ರೋರಾತ್ರಿ ಪಾಚಿ ಬಂದಿತೆಂದು ರೈತರು ಹೇಳುವುದು ಬಹುತೇಕ ಈ ಕಾರಣದಿಂದ. ವಾಸ್ತವವಾಗಿ ಅದು ಹಲವು ವಾರಗಳಿಂದ ತಳದಲ್ಲಿದ್ದಿರುತ್ತದೆ.

ಮೂರನೆಯದು ನೀಲಿ-ಹಸಿರು ಪಾಚಿ. ಶಾಸ್ತ್ರದ ಪ್ರಕಾರ ಇದು ಬ್ಯಾಕ್ಟೀರಿಯಾಗಳ ಗುಂಪಿಗೆ ಸೇರಿದ್ದರೂ ಬಳಕೆಯಲ್ಲಿ ಪಾಚಿಯೆಂದೇ ಕರೆಯಲಾಗುತ್ತದೆ. ನಮ್ಮ ಕೆರೆ-ಕೊಳಗಳಲ್ಲಿ ಸಾಮಾನ್ಯವಾದ ಮೈಕ್ರೋಸಿಸ್ಟಿಸ್ ತನ್ನ ಕೋಶಗಳಲ್ಲಿ ಗಾಳಿಯ ಸೂಕ್ಷ್ಮ ಚೀಲಗಳನ್ನು ಹೊಂದಿದ್ದು, ಗಾಳಿಯಿಲ್ಲದ ಬೆಳಗಿನಲ್ಲಿ ಮೇಲಕ್ಕೆ ತೇಲಿ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟುತ್ತದೆ. ಗಾಳಿ ಬೀಸಿದಾಗ ಈ ಕೆನೆ ಕೊಳದ ಒಂದು ಮೂಲೆಗೆ ಸೇರಿ, ಅಲ್ಲಿಯೇ ಕೊಳೆತು ದುರ್ವಾಸನೆ ಬೀರುತ್ತದೆ. ಮೀನಿನ ಮಾಂಸಕ್ಕೆ ಮಣ್ಣಿನ ವಾಸನೆ ಬರುವುದೂ ಈ ಗುಂಪಿನ ಕೆಲವು ಪಾಚಿಗಳಿಂದ. ಅಂತಹ ಮೀನನ್ನು ಮಾರಾಟಕ್ಕೆ ಮೊದಲು ಒಂದು ವಾರ ಅಥವಾ ಇನ್ನೂ ಕೆಲವು ದಿನ ಸ್ವಚ್ಛ ನೀರಿನಲ್ಲಿ ಇಟ್ಟರೆ ವಾಸನೆ ಕಡಿಮೆಯಾಗುತ್ತದೆ.

ಮಧ್ಯಾಹ್ನ ಇಟ್ಟಿಗೆ ಕೆಂಪಾಗಿ ಕಂಡು ಸಂಜೆಗೆ ಹಸಿರಿಗೆ ತಿರುಗುವ ಪೊರೆ ಯೂಗ್ಲೀನಾ ಎಂಬ ಜೀವಿಯದು. ಸಗಣಿ ಮುಂತಾದ ಸಾವಯವ ವಸ್ತು ಅತಿಯಾಗಿದೆಯೆಂಬುದಕ್ಕೆ ಅದು ಸೂಚನೆ.

ಪಾಚಿಗೆ ಆಹಾರ ಎಲ್ಲಿಂದ ಬರುತ್ತದೆ?

ಬಿಸಿಲು, ಬಿಸುಪು ಮತ್ತು ಪೋಷಕಾಂಶಗಳು ಪಾಚಿಯ ಬೆಳವಣಿಗೆಗೆ ಬೇಕು. ಮೊದಲ ಎರಡಕ್ಕೆ ನಮ್ಮ ರಾಜ್ಯದಲ್ಲಿ ವರ್ಷದ ಬಹುಕಾಲ ಕೊರತೆಯಿಲ್ಲ. ಪೋಷಕಾಂಶಗಳ ಪೈಕಿ ಸಿಹಿನೀರಿನಲ್ಲಿ ಸಾಮಾನ್ಯವಾಗಿ ಮಿತಿಯೊಡ್ಡುವುದು ರಂಜಕ. ಕೆನಡಾದ ಸಂಶೋಧಕರು 1973ರಲ್ಲಿ ಒಂದು ಸಣ್ಣ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕ ನೀಡಿ, ಒಂದಕ್ಕೆ ಮಾತ್ರ ಹೆಚ್ಚುವರಿಯಾಗಿ ರಂಜಕ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು ವಾಯುಮಂಡಲದ ಸಾರಜನಕವನ್ನೇ ಸ್ಥಿರೀಕರಿಸಿಕೊಳ್ಳಬಲ್ಲವು. ರಂಜಕವನ್ನು ಹಾಗೆ ಗಾಳಿಯಿಂದ ಪಡೆಯಲು ಯಾವ ಪಾಚಿಗೂ ಸಾಧ್ಯವಿಲ್ಲ.

ಇದಕ್ಕೆ ಬೇಕಾಗುವ ಪ್ರಮಾಣ ಎಷ್ಟು ಕಡಿಮೆಯೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮೇಲ್ಭಾಗದಲ್ಲಿ 21 ಮೀಟರ್ ಉದ್ದಗಲ, ಇಳಿಜಾರಿನಿಂದಾಗಿ ತಳದಲ್ಲಿ 15 ಮೀಟರ್ ಉದ್ದಗಲ, 3 ಮೀಟರ್ ಆಳವಿರುವ ಕೃಷಿ ಹೊಂಡ ತುಂಬಿದಾಗ ಸುಮಾರು 980 ಘನ ಮೀಟರ್, ಅಂದರೆ 9.8 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ರಂಜಕವಿರುವ ನೀರನ್ನು ಅತಿ ಪೋಷಿತ ನೀರೆಂದು ಪರಿಗಣಿಸಲಾಗುತ್ತದೆ. ಈ ಹೊಂಡಕ್ಕೆ ಆ ಮಟ್ಟ ಬರಲು 98 ಗ್ರಾಂ ರಂಜಕ ಸಾಕು. ಡಿಎಪಿ ಗೊಬ್ಬರದಲ್ಲಿ ಶುದ್ಧ ರಂಜಕ ಸುಮಾರು ಶೇ. 20ರಷ್ಟಿರುವುದರಿಂದ, ಅರ್ಧ ಕಿಲೋ ಡಿಎಪಿ ನೀರಿಗೆ ಸೇರಿದರೆ ಹೊಂಡದ ಗುಣವೇ ಬದಲಾಗುತ್ತದೆ. ಮೇಲುಗೊಬ್ಬರ ನೀಡಿದ ಮರುದಿನ ಬಂದ ಜೋರು ಮಳೆ ಅಷ್ಟನ್ನು ಹೊತ್ತು ತರುವುದು ಕಷ್ಟವೇನಲ್ಲ. ಕೊಟ್ಟಿಗೆಯ ಬಚ್ಚಲ ನೀರು, ತಿಪ್ಪೆಯಿಂದ ಬಸಿಯುವ ಕಪ್ಪು ನೀರು, ಪಾತ್ರೆ-ಬಟ್ಟೆ ತೊಳೆದ ಸಾಬೂನು ನೀರು, ಮೀನು ತಿನ್ನದೆ ಉಳಿದ ಆಹಾರ, ಇವೆಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಹೀಗೆ ಬಂದ ರಂಜಕದ ಹೆಚ್ಚಿನ ಪಾಲು ಹೂಳಿನಲ್ಲಿ ಸಂಗ್ರಹವಾಗಿ, ತಳದಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಹಳೆಯ ಕೊಳದಲ್ಲಿ ಹೊರಗಿನಿಂದ ಏನೂ ಬರದಿದ್ದರೂ ಪಾಚಿ ಮರುಕಳಿಸುವುದು ಇದರಿಂದಲೇ.

ನಸುಕಿನ ಅಪಾಯ

ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಉತ್ಪಾದಿಸುತ್ತದೆ. ರಾತ್ರಿಯಲ್ಲಿ ಮೀನಿನಂತೆಯೇ ಅದನ್ನು ಬಳಸುತ್ತದೆ. ಆದುದರಿಂದ ಕೊಳದ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನದ ನಂತರ ಅತಿ ಹೆಚ್ಚು, ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಅತಿ ಕಡಿಮೆ. ಗೆಂಡೆ ಜಾತಿಯ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಉತ್ತಮ. 3ಕ್ಕಿಂತ ಕೆಳಗಿಳಿದರೆ ಬಳಲಿಕೆ. 1ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಉಳಿದರೆ ಸಾವು. ಪಾಚಿ ದಟ್ಟವಾದಷ್ಟೂ ಮಧ್ಯಾಹ್ನದ ಏರಿಕೆ ಮತ್ತು ನಸುಕಿನ ಇಳಿತ ಎರಡೂ ತೀವ್ರವಾಗುತ್ತವೆ. ಮಧ್ಯಾಹ್ನ ಅಳತೆ ಮಾಡಿ ಕೊಳ ಆರೋಗ್ಯವಾಗಿದೆಯೆಂದು ವರದಿ ಬರೆಯುವುದು ಈ ಕಾರಣದಿಂದ ಅರ್ಥಹೀನ.

ಮೃಗಶಿರಾ, ಆರಿದ್ರಾ ಮಳೆಗಳ ಹೊತ್ತಿಗೆ ಎರಡು ಮೂರು ದಿನ ಎಡೆಬಿಡದೆ ಮೋಡ ಕವಿದರೆ ಹಗಲಿನ ಉತ್ಪಾದನೆ ಕುಸಿಯುತ್ತದೆ, ರಾತ್ರಿಯ ಬಳಕೆ ಮಾತ್ರ ಹಾಗೆಯೇ ಮುಂದುವರಿಯುತ್ತದೆ. ಇದರ ಜೊತೆಗೆ ದಟ್ಟ ಪಾಚಿ ಒಮ್ಮೆಲೇ ಸತ್ತರೆ, ಸತ್ತ ರಾಶಿಯನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನೂ ಹೀರಿಬಿಡುತ್ತವೆ. ಹಸಿರಾಗಿದ್ದ ನೀರು ಒಂದೆರಡು ದಿನದಲ್ಲಿ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿದರೆ ಪಾಚಿ ಸತ್ತಿದೆಯೆಂದು ತಿಳಿಯಿರಿ; ಆ ರಾತ್ರಿ ಕೊಳವನ್ನು ಕಾಯಲೇಬೇಕು. ಊರಿನ ಕೊಳಚೆ ಸೇರುವ ಕೆರೆಗಳಲ್ಲಿಯೂ ಇದೇ ಆಮ್ಲಜನಕದ ಕೊರತೆ ಮೀನುಗಳನ್ನು ಕೊಲ್ಲುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಹಲವರು ನೆನಪಿಸಿಕೊಳ್ಳಬಹುದು.

ಆಮ್ಲಜನಕ ಮಾಪಕ ಹೊಂದಿರುವ ವಿಸ್ತರಣಾ ಕಾರ್ಯಕರ್ತರು ನಸುಕಿನ ಸ್ಥಿತಿಯನ್ನು ಹಿಂದಿನ ರಾತ್ರಿಯೇ ಅಂದಾಜಿಸಬಹುದು. ಸಂಜೆ 7 ಗಂಟೆಗೆ ಲೀಟರಿಗೆ 8 ಮಿಲಿಗ್ರಾಂ, ರಾತ್ರಿ 10ಕ್ಕೆ 6 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳಿ. ಮೂರು ಗಂಟೆಗೆ 2 ಮಿಲಿಗ್ರಾಂ ಇಳಿದಿದೆ. ಅದೇ ವೇಗದಲ್ಲಿ ಬೆಳಗಿನ 5 ಗಂಟೆಗೆ 1.3 ಮಿಲಿಗ್ರಾಂ ಉಳಿಯುತ್ತದೆ. ಅಂದರೆ ಏರೇಟರನ್ನು ಮಧ್ಯರಾತ್ರಿಗೇ ಚಾಲೂ ಮಾಡಬೇಕು. ಹಳ್ಳಿಗಳಲ್ಲಿ ತ್ರೀ-ಫೇಸ್ ವಿದ್ಯುತ್ ಬೇಕಾದ ಹೊತ್ತಿಗೆ ಸಿಗುವುದೆಂಬ ಭರವಸೆಯಿಲ್ಲದ ಕಾರಣ ಡೀಸೆಲ್ ಪಂಪ್‌ಸೆಟ್ ಒಂದನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಜಾಣತನ.

ದಟ್ಟ ಪಾಚಿಯ ಇನ್ನೊಂದು ಪರಿಣಾಮ ರಸಸಾರದ ಏರಿಕೆ. ಪಾಚಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬಳಸಿದಂತೆ ಮಧ್ಯಾಹ್ನ ರಸಸಾರ 9 ದಾಟಬಹುದು. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರಸಸಾರ 7 ಇದ್ದಾಗ ಶೇ. 1ಕ್ಕಿಂತ ಕಡಿಮೆ, ರಸಸಾರ 9 ಆದಾಗ ಸುಮಾರು ಶೇ. 40. ಪಾಚಿ ಕಂಡೊಡನೆ ಸುಟ್ಟ ಸುಣ್ಣ ಎರಚುವ ರೂಢಿ ಹಲವೆಡೆ ಇದೆ. ಮೀನಿರುವ ಕೊಳದಲ್ಲಿ ಅದನ್ನು ಕೂಡಲೇ ಬಿಡಬೇಕು. ಸುಟ್ಟ ಸುಣ್ಣ ರಸಸಾರವನ್ನು ಇನ್ನೂ ಮೇಲಕ್ಕೆ ತಳ್ಳಿ ಅಮೋನಿಯಾ ವಿಷವನ್ನು ಹೆಚ್ಚಿಸುತ್ತದೆ. ಕ್ಷಾರತೆ ಕಡಿಮೆಯಿರುವ ಕೊಳದಲ್ಲಿ ರಸಸಾರದ ಏರಿಳಿತ ತಗ್ಗಿಸಲು ಕೃಷಿ ಸುಣ್ಣವೇ ಸೂಕ್ತ.

ಎಷ್ಟಿದ್ದರೆ ಸರಿ?

20 ಸೆಂಟಿಮೀಟರ್ ವ್ಯಾಸದ ತಗಡಿನ ಬಿಲ್ಲೆಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ಕೆಳಗೆ ಭಾರ ಕಟ್ಟಿ, ಸೆಂಟಿಮೀಟರ್ ಗುರುತುಗಳಿರುವ ಹಗ್ಗದಿಂದ ನೀರಿಗೆ ಇಳಿಸಿರಿ. ಇದಕ್ಕೆ ಸೆಕ್ಕಿ ತಟ್ಟೆಯೆಂದು ಹೆಸರು. ಬಿಸಿಲು ಚೆನ್ನಾಗಿರುವಾಗ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಲ್ಲೆ ಕಣ್ಮರೆಯಾಗುವ ಆಳವನ್ನು ಗುರುತಿಸಬೇಕು. ಮೀನು ಕೊಳದಲ್ಲಿ ಈ ಆಳ 30ರಿಂದ 40 ಸೆಂಟಿಮೀಟರ್ ಇದ್ದರೆ ಪಾಚಿ ಹದವಾಗಿದೆ. 60 ಮೀರಿದರೆ ನೀರಿನಲ್ಲಿ ಮೇವಿಲ್ಲ, ಜೊತೆಗೆ ತಳಕ್ಕೆ ಬೆಳಕು ತಲುಪಿ ಎಳೆ ಪಾಚಿಗೆ ಅವಕಾಶವಾಗುತ್ತದೆ. 25ಕ್ಕೆ ಇಳಿದರೆ ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿರಿ. 20ಕ್ಕಿಂತ ಕಡಿಮೆಯಾದರೆ ಆಹಾರವನ್ನೂ ಅರ್ಧಕ್ಕೆ ಇಳಿಸಿ, ನಸುಕಿನಲ್ಲಿ ಮೀನಿನ ಚಲನೆಯನ್ನು ದಿನವೂ ನೋಡಬೇಕು. ಕೆಸರಿನಿಂದ ನೀರು ರಾಡಿಯಾಗಿದ್ದರೆ ಈ ಅಳತೆ ದಾರಿ ತಪ್ಪಿಸುತ್ತದೆ. ಗಾಜಿನ ಲೋಟದಲ್ಲಿ ನೀರು ಹಿಡಿದು ಬಿಳಿ ಕಾಗದದ ಮುಂದೆ ಇಟ್ಟರೆ ಕೆಸರೋ ಹಸಿರೋ ಎಂಬುದು ತಿಳಿಯುತ್ತದೆ.

ವಾರಕ್ಕೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ದಿನದ ಅಂಕಿಗಿಂತ, 40ರಿಂದ 32ಕ್ಕೆ, 32ರಿಂದ 24ಕ್ಕೆ ಇಳಿಯುತ್ತಿರುವ ಸಾಲು ಹೆಚ್ಚು ಉಪಯುಕ್ತ.

ಹತೋಟಿ ಕ್ರಮಗಳು

ಮೊದಲು ಮೂಲವನ್ನು ತಡೆಯಬೇಕು. ತಿಪ್ಪೆಗುಂಡಿ ಕೊಳದ ಮೇಲ್ಭಾಗದಲ್ಲಿದ್ದರೆ ಸ್ಥಳಾಂತರಿಸಿರಿ, ಇಲ್ಲವೇ ಅದರ ಸುತ್ತ ಬದು ಹಾಕಿ ನೀರನ್ನು ತೋಟದತ್ತ ತಿರುಗಿಸಿರಿ. ಹೊಂಡಕ್ಕೆ ನೀರು ಬರುವ ಕಾಲುವೆಯ ಬಾಯಲ್ಲಿ ಹೂಳು ತಡೆಯುವ ಗುಂಡಿ ಇರಲಿ, ಅದನ್ನು ಪ್ರತಿ ಮಳೆಗಾಲಕ್ಕೆ ಮೊದಲು ಖಾಲಿ ಮಾಡಿರಿ. ತುಂಬಿದ ಗುಂಡಿ ಇದ್ದೂ ಇಲ್ಲದಂತೆ. ಕಾಲುವೆಯ ಇಕ್ಕೆಲಗಳಲ್ಲಿ ಗರಿಕೆ, ಲಾವಂಚ ಅಥವಾ ಮೇವಿನ ಹುಲ್ಲಿನ ಪಟ್ಟಿ ಬೆಳೆಸಿದರೆ ಮಣ್ಣಿಗೆ ಅಂಟಿ ಬರುವ ರಂಜಕ ಅಲ್ಲಿಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೊಳ ಬತ್ತಿದಾಗ ಹೂಳೆತ್ತಿ ಹೊಲಕ್ಕೆ ಹರಡಿರಿ. ಕೆರೆಗೋಡನ್ನು ಹೊಲಕ್ಕೆ ಹೊಡೆಯುವ ನಮ್ಮ ಹಿರಿಯರ ಪದ್ಧತಿ ಹೊಲಕ್ಕೆ ಗೊಬ್ಬರವಾದಂತೆ ಕೆರೆಗೆ ಚಿಕಿತ್ಸೆಯೂ ಆಗಿತ್ತು.

ಎಳೆ ಪಾಚಿಯನ್ನು ಕುಂಟೆ, ಹಲ್ಲುಗೋಲು ಅಥವಾ ಎಳೆಬಲೆಯಿಂದ ತೆಗೆಯುವುದು ಶ್ರಮದ ಕೆಲಸವಾದರೂ ಅದಕ್ಕಿಂತ ಉತ್ತಮ ಉಪಾಯ ಇಲ್ಲ. ಪಾಚಿಯೊಡನೆ ಅದರಲ್ಲಿರುವ ರಂಜಕವೂ ಕೊಳದಿಂದ ಹೊರಹೋಗುತ್ತದೆ. ತೆಗೆದ ರಾಶಿಯನ್ನು ದಡದಲ್ಲಿಯೇ ಬಿಟ್ಟರೆ ಮುಂದಿನ ಮಳೆಗೆ ಅದು ಮರಳಿ ಕೊಳ ಸೇರುವುದು ಖಚಿತ. ಹೊಸ ಕೊಳ ತೋಡುವಾಗ ಅಂಚಿನಲ್ಲಿಯೇ ಕನಿಷ್ಠ ಒಂದು ಮೀಟರ್ ಆಳ ಬರುವಂತೆ ನೋಡಿಕೊಂಡರೆ ಈ ಸಮಸ್ಯೆ ಅರ್ಧ ತಗ್ಗುತ್ತದೆ. ಎಳೆ ಪಾಚಿ ಈಗಾಗಲೇ ಹರಡಿರುವಾಗ ನೀರು ಹಸಿರಾಗಲೆಂದು ಗೊಬ್ಬರ ಹಾಕಬೇಡಿ. ಅದು ಎಳೆ ಪಾಚಿಗೇ ಸಲ್ಲುತ್ತದೆ.

ಮೀನುಗಳಿಂದಲೇ ಹತೋಟಿ ಸಾಧಿಸುವ ಬಗ್ಗೆ ನಿರೀಕ್ಷೆ ಮಿತವಾಗಿರಲಿ. ಬೆಳ್ಳಿಗೆಂಡೆ ಸಸ್ಯ ಪ್ಲವಕಗಳನ್ನು ಸೋಸಿ ತಿನ್ನುತ್ತದೆ, ಆದರೆ ಪಾಚಿ ತಿನ್ನುವ ಪ್ರಾಣಿ ಪ್ಲವಕಗಳನ್ನೂ ಅದು ಬಿಡುವುದಿಲ್ಲ. ಹುಲ್ಲುಗೆಂಡೆ ಎಲೆಯುಳ್ಳ ಜಲಸಸ್ಯಗಳನ್ನು ಇಷ್ಟಪಡುತ್ತದೆ, ಎಳೆ ಪಾಚಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮಿಶ್ರ ಮೀನು ಸಾಕಣೆಯಲ್ಲಿ ಇವೆರಡಕ್ಕೂ ಸ್ಥಾನವಿದೆ. ಪಾಚಿ ನಿವಾರಣೆಗಾಗಿಯೇ ತಂದು ಬಿಡುವಷ್ಟು ಫಲ ಸಿಗದು.

ಮೈಲುತುತ್ತದ ಬಳಕೆ

ಇದು ಕೊನೆಯ ಉಪಾಯ. ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ, ಅದರ ಆಹಾರವನ್ನು ತೆಗೆಯುವುದಿಲ್ಲ. ಆದುದರಿಂದ ಕೆಲವು ವಾರಗಳಲ್ಲಿ ಪಾಚಿ ಮರಳುತ್ತದೆ. ಅದರ ಸುರಕ್ಷಿತ ಪ್ರಮಾಣ ನೀರಿನ ಒಟ್ಟು ಕ್ಷಾರತೆಯನ್ನು ಅವಲಂಬಿಸಿದೆ. ಕ್ಷಾರತೆಯ ಅಂಕಿಯನ್ನು 100ರಿಂದ ಭಾಗಿಸಿದರೆ ಬರುವುದು ಲೀಟರಿಗೆ ಬೇಕಾದ ಮೈಲುತುತ್ತದ ಮಿಲಿಗ್ರಾಂ. ಕ್ಷಾರತೆ 100 ಇದ್ದರೆ 1 ಮಿಲಿಗ್ರಾಂ. ಕ್ಷಾರತೆ 50ಕ್ಕಿಂತ ಕಡಿಮೆಯಿದ್ದರೆ ಬಳಸಲೇಬಾರದು. ಮೃದು ನೀರಿನಲ್ಲಿ ತಾಮ್ರ ಮೀನಿಗೆ ತೀವ್ರ ವಿಷ. ಬಯಲುಸೀಮೆಯ ಕೊಳವೆ ಬಾವಿಯ ಗಡಸು ನೀರಿನಲ್ಲಿ ಅಪಾಯವಿಲ್ಲದೆ ಮುಗಿದ ಪ್ರಮಾಣವನ್ನು ಮಲೆನಾಡಿನ ಮಳೆನೀರಿನ ಕೊಳಕ್ಕೆ ಸುರಿದರೆ ಮೀನು ಉಳಿಯದು. ಆದ್ದರಿಂದ ಪಕ್ಕದ ಊರಿನವರ ಪ್ರಮಾಣವನ್ನು ಅನುಸರಿಸದೆ, ನಿಮ್ಮ ಕೊಳದ ನೀರನ್ನೇ ಪರೀಕ್ಷೆ ಮಾಡಿಸಿರಿ.

ನೀರಿನ ಗಾತ್ರವನ್ನು ತಪ್ಪಾಗಿ ಲೆಕ್ಕ ಹಾಕುವುದು ಇನ್ನೊಂದು ಸಾಮಾನ್ಯ ದೋಷ. ಮೇಲೆ ಹೇಳಿದ ಹೊಂಡವನ್ನು 21 × 21 × 3 ಎಂದು ಗುಣಿಸಿದರೆ 1323 ಘನ ಮೀಟರ್ ಬರುತ್ತದೆ. ಇಳಿಜಾರನ್ನು ಲೆಕ್ಕಕ್ಕೆ ಹಿಡಿದರೆ 980 ಮಾತ್ರ. ಲೀಟರಿಗೆ 1 ಮಿಲಿಗ್ರಾಂ ಪ್ರಮಾಣದಲ್ಲಿ 980 ಗ್ರಾಂ ಹಾಕಬೇಕಾದಲ್ಲಿ 1.3 ಕಿಲೋ ಬೀಳುತ್ತದೆ. ಹೊಂಡ ಅರ್ಧ ಖಾಲಿಯಿದ್ದರಂತೂ ಈ ವ್ಯತ್ಯಾಸ ಇನ್ನೂ ಹೆಚ್ಚು. ನೀರು ನಿಂತಿರುವ ಮಟ್ಟವನ್ನು ಆ ದಿನವೇ ಅಳೆಯಿರಿ.

ಒಮ್ಮೆಗೆ ಕೊಳದ ಮೂರನೆಯ ಒಂದು ಭಾಗಕ್ಕೆ ಮಾತ್ರ, ಅಷ್ಟು ಭಾಗದ ನೀರಿಗೆ ತಕ್ಕ ಪ್ರಮಾಣವನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಬಿಸಿಲಿರುವ ದಿನ ಬೆಳಗಿನ ಹತ್ತು ಗಂಟೆಯ ನಂತರ ಸಿಂಪಡಿಸಬೇಕು. ಮುಂದಿನ ಭಾಗಕ್ಕೆ 10ರಿಂದ 14 ದಿನಗಳ ಅಂತರವಿರಲಿ. ಮೋಡ ಕವಿದಾಗ, ಮೀನು ಈಗಾಗಲೇ ಮೇಲೆ ಬಂದು ಬಾಯಿ ಬಿಡುತ್ತಿರುವಾಗ ಎಂದಿಗೂ ಹಾಕಬಾರದು. ಕುರಿಗಳು ತಾಮ್ರಕ್ಕೆ ಬಹಳ ಬೇಗ ತುತ್ತಾಗುವುದರಿಂದ ಕುರಿ ಮಂದೆ ನೀರು ಕುಡಿಯುವ ಕೊಳದಲ್ಲಿ ಮೈಲುತುತ್ತ ಬೇಡ.

ಮೀನು ಬಾಯಿ ಬಿಡುತ್ತಿದ್ದರೆ

ನಸುಕಿನಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದು, ದೊಡ್ಡ ಮೀನುಗಳೇ ಮೊದಲು ಸತ್ತಿದ್ದರೆ ಅದು ಆಮ್ಲಜನಕದ ಕೊರತೆ. ಹಗಲಿನ ಯಾವುದೋ ಹೊತ್ತಿನಲ್ಲಿ ಮರಿಗಳೂ ಸೇರಿ ಎಲ್ಲ ಗಾತ್ರದವೂ ಒಟ್ಟಿಗೆ ಸತ್ತಿದ್ದರೆ ಕೀಟನಾಶಕವೇ ಮೊದಲಾದ ವಿಷ ಸೇರಿದ ಶಂಕೆಯಿರಬೇಕು. ಆಮ್ಲಜನಕ ಕೊರತೆಯಲ್ಲಿ ಏರೇಟರ್ ಇಲ್ಲದವರು ಪಂಪ್‌ನಿಂದ ಕೊಳದ ಮೇಲ್ಪದರದ ನೀರನ್ನೇ ಎತ್ತಿ ಮಳೆಯಂತೆ ಚಿಮ್ಮಿಸಬೇಕು. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಅದನ್ನು ನೇರವಾಗಿ ಬಿಡದೆ ಕಲ್ಲು ಅಥವಾ ಹಲಗೆಯ ಮೇಲೆ ಬಿದ್ದು ಸಿಡಿಯುವಂತೆ ಬಿಡಿ. ತಳದ ಕೆಸರನ್ನು ಕಲಕಬೇಡಿ. ಆ ದಿನ ಆಹಾರ, ಸಗಣಿ, ಸುಣ್ಣ ಏನನ್ನೂ ಹಾಕಬೇಡಿ. ಸತ್ತ ಮೀನುಗಳನ್ನು ಕೂಡಲೇ ತೆಗೆದು ಹೂಳಿರಿ.

ಜಾನುವಾರುಗಳ ರಕ್ಷಣೆ

ನೀಲಿ-ಹಸಿರು ಪಾಚಿಯ ಕೆನೆ ಕಟ್ಟಿದ ನೀರು ಕುಡಿದ ದನ, ಕುರಿ, ನಾಯಿಗಳು ಯಕೃತ್ತಿಗೆ ವಿಷವೇರಿ ಕೆಲವೇ ಗಂಟೆಗಳಲ್ಲಿ ನಿಶ್ಶಕ್ತವಾಗಿ ಸಾಯುವುದುಂಟು. ಎಲ್ಲ ಕೆನೆಯೂ ವಿಷಕಾರಿಯಲ್ಲ, ಆದರೆ ಕಣ್ಣಿನಿಂದ ನೋಡಿ ಬೇರ್ಪಡಿಸಲು ಸಾಧ್ಯವಿಲ್ಲ. ನೀರನ್ನು ಕಾಯಿಸಿದರೂ ಈ ವಿಷ ನಾಶವಾಗುವುದಿಲ್ಲ. ಕೆನೆ ಕಂಡ ದಿನವೇ ಮುಳ್ಳುಬೇಲಿ ಕಟ್ಟಿ, ದನಗಳಿಗೆ ತೊಟ್ಟಿಯಲ್ಲಿ ಬೇರೆ ನೀರು ಕೊಡಿರಿ. ಮೈಲುತುತ್ತ ಹಾಕಿ ಇಂತಹ ಪಾಚಿಯನ್ನು ಕೊಂದರೆ ಕೋಶದೊಳಗಿದ್ದ ವಿಷ ಒಮ್ಮೆಗೇ ನೀರಿಗೆ ಬಿಡುಗಡೆಯಾಗುತ್ತದೆ. ನೀರು ತಿಳಿಯಾಯಿತೆಂದು ಮರುದಿನವೇ ದನ ಬಿಡುವುದು ಅಪಾಯಕರ.

ನೀರಾವರಿ ಹೊಂಡ ಮತ್ತು ಹನಿ ನೀರಾವರಿ

ಮೀನಿಲ್ಲದ, ಪಾಲಿಥೀನ್ ಹಾಸಿದ ಹೊಂಡದಲ್ಲಿ ಉಪಾಯ ಸರಳ: ಬೆಳಕನ್ನು ತಡೆಯುವುದು. ಹೊಂಡದ ಮೇಲೆ ನೆರಳು ಬಲೆ ಹೊದಿಸಿದರೆ ಪಾಚಿ ಕುಗ್ಗುವುದರ ಜೊತೆಗೆ ಆವಿಯಾಗಿ ಹೋಗುವ ನೀರೂ ಉಳಿಯುತ್ತದೆ. ಪಂಪಿನ ಫುಟ್‌ವಾಲ್ವನ್ನು ತೇಲುವ ಡ್ರಮ್ಮಿಗೆ ಕಟ್ಟಿ, ಮೇಲ್ಮೈಯಿಂದ ಸುಮಾರು ಅರ್ಧ ಮೀಟರ್ ಕೆಳಗಿರುವಂತೆ ಮಾಡಿದರೆ ಮೇಲಿನ ಪಾಚಿಯೂ ತಳದ ಹೂಳೂ ಪೈಪಿಗೆ ಬರುವುದು ಕಡಿಮೆ. ಹೊಂಡದ ನೀರಿಗೆ ಜಾಲರಿ ಶೋಧಕ ಒಂದೇ ಸಾಲದು, ಅದಕ್ಕೆ ಮೊದಲು ಮರಳು ಶೋಧಕ ಇರಲೇಬೇಕು. ಅದರ ಒಳಬರುವ ಮತ್ತು ಹೊರಹೋಗುವ ಒತ್ತಡಗಳ ವ್ಯತ್ಯಾಸ ಹೆಚ್ಚುತ್ತಿದ್ದಂತೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಬೇಕು.

ಲ್ಯಾಟರಲ್ ಪೈಪುಗಳೊಳಗೆ ಲೋಳೆ ಕಟ್ಟಿದ್ದರೆ ಲೀಟರಿಗೆ 10ರಿಂದ 20 ಮಿಲಿಗ್ರಾಂ ಕ್ಲೋರಿನ್ ಇರುವ ನೀರನ್ನು ಅರ್ಧ ಗಂಟೆ ಹರಿಸಿ, ಕೊನೆಯ ಮುಚ್ಚಳಗಳನ್ನು ತೆಗೆದು ತೊಳೆಯಿರಿ. ಗಡಸು ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಸುಣ್ಣದಂಶವೇ ಹನಿಕೆಗಳನ್ನು ಕಟ್ಟುವುದರಿಂದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಮೇಲು. ಕ್ಲೋರಿನ್ ಹರಿಸುವ ಹೊತ್ತಿನಲ್ಲಿ ಅದೇ ಟ್ಯಾಂಕಿನಲ್ಲಿ ಆಮ್ಲವನ್ನಾಗಲೀ ರಸಗೊಬ್ಬರವನ್ನಾಗಲೀ ಬೆರೆಸಬಾರದು. ಆಮ್ಲದೊಡನೆ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊರಬರುತ್ತದೆ.